ಮುಂಗಡ ಕೊಡುವ ಮೊದಲು

ಮನೆ ಕೊಳ್ಳುವ ವಿಚಾರ ಬಂದರೆ ನಮ್ಮವರು ಮೊದಲು ವಾಸ್ತು ನೋಡುತ್ತಾರೆ, ಆಮೇಲೆ ನೀರು, ಆಮೇಲೆ ಮುಹೂರ್ತ. ತಾಂಬರದಾಚೆ ಒಂದು ಫ್ಲ್ಯಾಟು ಮನಸ್ಸಿಗೆ ಬಂದರೆ ಅಕ್ಷಯ ತದಿಗೆಯ ದಿನವೇ ಮುಂಗಡ ಕೊಟ್ಟುಬಿಡುತ್ತಾರೆ. ಬ್ಯಾಂಕಿನ ಮೆಟ್ಟಿಲು ಹತ್ತುವುದು ಅದಾದ ಮೇಲೆ. ಅಲ್ಲಿಯ ಅಧಿಕಾರಿ ಗಣಕಯಂತ್ರ ನೋಡಿ "ನಿಮ್ಮ ಸಿಬಿಲ್ ಅಂಕ ಸಾಲದು" ಎನ್ನುವ ಹೊತ್ತಿಗೆ ಮುಂಗಡ ಮಾರಾಟಗಾರನ ಕಿಸೆ ಸೇರಿರುತ್ತದೆ. ಈ ತಲೆಕೆಳಗಾದ ಕ್ರಮವನ್ನು ನಾವು ಬಿಡಬೇಕು.

"ಮೂವತ್ತು ವರ್ಷದಿಂದ ತಿಂಗಳ ಐದರೊಳಗೆ ಬಾಡಿಗೆ ಕೊಟ್ಟವರು, ನಮಗೇ ಹೀಗೆನ್ನುವುದೆ?" ಎಂದು ಸಿಟ್ಟಾಗುವ ಹಿರಿಯರುಂಟು. ಸಿಟ್ಟು ನ್ಯಾಯವಾದದ್ದೇ. ಬಾಡಿಗೆಯ ನಿಯತ್ತು ಸಾಮಾನ್ಯವಾಗಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಸಾಲ ಪಡೆದು ತೀರಿಸಿದ್ದು ಮಾತ್ರ ಸೇರುತ್ತದೆ. 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ಮನೆಬಾಗಿಲಿಗೇ ಬಂದು ಪುಡಿಗಾಸು ಕೂಡಿಸಿದ ಉಡುಪಿ ಮೂಲದ ಸಿಂಡಿಕೇಟ್ ಬ್ಯಾಂಕಿಗೆ ಗಿರಾಕಿಯ ಮುಖ ಗೊತ್ತಿತ್ತು. ಆ ಬ್ಯಾಂಕೇ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮುಖ ನೋಡಿ ಸಾಲ ಕೊಡುವ ಕಾಲವೂ ಹೋಯಿತು. ಈಗ 2000ದಲ್ಲಿ ಹುಟ್ಟಿದ ಸಿಬಿಲ್ ಮತ್ತು ಅಂಥವೇ ಇನ್ನು ಮೂರು ಸಂಸ್ಥೆಗಳು, 2005ರ ಕಾಯಿದೆಗೆ ಒಳಪಟ್ಟು, ನಮ್ಮ ಸಾಲದ ಚರಿತ್ರೆಯನ್ನು ಬರೆದಿಡುತ್ತವೆ. ಸಿಬಿಲ್ ಕೊಡುವ ಅಂಕ 300ರಿಂದ 900ರೊಳಗೆ. ರಿಸರ್ವ್ ಬ್ಯಾಂಕು ಯಾವ ಕನಿಷ್ಠ ಅಂಕವನ್ನೂ ಗೊತ್ತುಮಾಡಿಲ್ಲವೆಂದು, ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರನ್ನು ತಿರಸ್ಕರಿಸಬಾರದೆಂದು ಸರಕಾರ 2025ರಲ್ಲಿ ಸಂಸತ್ತಿಗೆ ತಿಳಿಸಿದೆ. ಹಾಗೆ ತಿರಸ್ಕರಿಸಿದರೆ ಈ ಮಾತನ್ನು ಧೈರ್ಯವಾಗಿ ಎತ್ತಬೇಕು.

ಆದರೆ ನಾವು ಕಂಡಂತೆ, ನಮ್ಮವರ ಅಂಕ ಕೆಡುವುದು ದುಂದುಗಾರಿಕೆಯಿಂದ ಅಷ್ಟಲ್ಲ, ದಾಕ್ಷಿಣ್ಯದಿಂದ. ನಮ್ಮ ಜಿಲ್ಲೆಯವನು, ಹೋಟೆಲು ತೆರೆಯುತ್ತಾನೆ, ಒಂದು ರುಜು ತಾನೆ ಎಂದು ಜಾಮೀನು ನಿಲ್ಲುತ್ತೇವೆ. ಊಟದ ಎಲೆಯ ಮುಂದೆ ಕೇಳಿದರಂತೂ ಇಲ್ಲವೆನ್ನುವ ನಾಲಗೆಯೇ ನಮಗಿಲ್ಲ! 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅವನು ಕಂತು ತಪ್ಪಿಸಿದರೆ ಕಲೆ ನಮ್ಮ ವರದಿಯಲ್ಲೂ ಬೀಳುತ್ತದೆ. ಮಗಳ ಮದುವೆ, ಮಗನ ಓದು ಎಲ್ಲ ಮುಗಿಸಿ ಮನೆ ಕೊಳ್ಳಹೊರಟಾಗ ಅದು ಎದುರಾಗುತ್ತದೆ. ಸಂಬಂಧ ಕೆಟ್ಟೀತೆಂದು ಅಂಜಿ ರುಜು ಹಾಕುವವರು, ಕಂತು ತಪ್ಪಿದ ಮೇಲೆ ಆ ಸಂಬಂಧ ಉಳಿದೀತೆ ಎಂದು ಯೋಚಿಸಲಿ.

ಇನ್ನೊಂದು ಬಲೆ "ಸೆಟಲ್‌ಮೆಂಟ್". ಕಾರ್ಡಿನ ಬಾಕಿಯಲ್ಲಿ ಅರ್ಧ ಕಟ್ಟಿದರೆ ಮುಗಿಯಿತೆಂದು ವಸೂಲಿಯವನು ನಗುತ್ತ ಹೇಳುತ್ತಾನೆ. ವರದಿಯಲ್ಲಿ "ತೀರಿತು" ಎಂದಿರುವುದಿಲ್ಲ, "ಸೆಟಲ್ಡ್" ಎಂದಿರುತ್ತದೆ. ಬ್ಯಾಂಕುಗಳು ಇದನ್ನು ಅರ್ಧಕ್ಕೆ ಕೈಬಿಟ್ಟ ಸಾಲವೆಂದೇ ಓದುತ್ತವೆ. ಉಳಿದದ್ದನ್ನು ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆದು, ದಾಖಲೆ ತಿದ್ದಿಸುವುದೇ ದಾರಿ.

ಅಂಕವನ್ನು ಹದಿನೈದು ದಿನದಲ್ಲಿ ಏರಿಸಿಕೊಡುತ್ತೇವೆಂದು ಶುಲ್ಕ ಕೇಳುವ ಏಜೆಂಟರನ್ನು ಹೊಸ್ತಿಲೊಳಗೆ ಬಿಡಬೇಡಿ. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು. ತಪ್ಪು ನಮೂದನ್ನು ನಾವೇ ಬಿಟ್ಟಿಯಾಗಿ ತಿದ್ದಿಸಬಹುದು. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ದೂರು ಕೊಟ್ಟು 30 ದಿನವಾದರೂ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆಜ್ಞೆ ಮಾಡಿತು. ಈ ಹಕ್ಕನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಇಷ್ಟೆಲ್ಲ ಏಕೆ ಎನ್ನುವವರು ಲೆಕ್ಕ ಹಾಕಲಿ. 50 ಲಕ್ಷದ ಸಾಲ, 20 ವರ್ಷ. ಬಡ್ಡಿ ಶೇಕಡಾ 8.5 ಇದ್ದರೆ ತಿಂಗಳ ಕಂತು ಸುಮಾರು 43,390 ರೂಪಾಯಿ. 9 ಆದರೆ 44,990. ಕೊನೆಗೆ ವ್ಯತ್ಯಾಸ 3 ಲಕ್ಷ 80 ಸಾವಿರ ದಾಟುತ್ತದೆ. ಕಡಿಮೆ ಅಂಕದವರಿಗೆ ಹೆಚ್ಚು ಬಡ್ಡಿ ಹಾಕುವ ಬ್ಯಾಂಕುಗಳು ಬೇಕಾದಷ್ಟಿವೆ.

ಆದ್ದರಿಂದ ಮನೆ ಹುಡುಕುವ ಒಂದು ವರ್ಷ ಮೊದಲೇ ವರದಿ ತರಿಸಿ. ಕಂತು ಒಂದು ದಿನವೂ ತಪ್ಪದಿರಲಿ, ಕಾರ್ಡಿನ ಮಿತಿಯಲ್ಲಿ ಮೂರನೆಯ ಒಂದು ಪಾಲು ದಾಟದಿರಲಿ, ನಾಲ್ಕು ಕಡೆ ಒಟ್ಟಿಗೆ ಸಾಲದ ಅರ್ಜಿ ಹಾಕಬೇಡಿ. ಮುಂಗಡದ ಕರಾರಿನಲ್ಲಿ "ಬ್ಯಾಂಕು ಸಾಲ ಮಂಜೂರು ಮಾಡದಿದ್ದರೆ ಹಣ ವಾಪಸು" ಎಂಬ ಒಂದು ಸಾಲನ್ನು ಬರೆಸಿ. ಅದಕ್ಕೊಪ್ಪದ ಮಾರಾಟಗಾರನ ಮನೆ ಎಷ್ಟೇ ಚೆನ್ನಾಗಿದ್ದರೂ ಬೇಡ.