ಆ್ಯಪ್ ಹೇಳಿದ ಅಣಬೆ ತಿನ್ನಬಹುದಾ?

ಸಿಂಧನೂರಿನಿಂದ ಚಳಿಗಾಲದಲ್ಲಿ ಅಣಬೆ ನೋಡೋಕೆ ಹೊರಟಿದ್ದೀವಿ ಅಂದಾಗ ಹಾಸ್ಟೆಲ್‌ನಲ್ಲಿ ನಕ್ಕವರೇ ಹೆಚ್ಚು. ಇಲ್ಲಿ ಕಾಡೆಲ್ಲಿದೆ ಅಂತ. ನಿಜ, ಮಲೆನಾಡಿನಂಥ ಕಾಡಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೆಲ್ಲಿನ ಗದ್ದೆಗಳನ್ನ ಬಿಟ್ಟು, ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋದರೆ ಕಲ್ಲುಗುಡ್ಡ, ಜಾಲಿ, ಬೇವು, ಹುತ್ತ, ಅಷ್ಟೇ. ಡಿಸೆಂಬರಿಗೆ ನೆಲವೂ ಒಣಗಿರುತ್ತೆ. ಆದರೂ ಬರಿಗೈಲಿ ವಾಪಸ್ ಬರಲಿಲ್ಲ.

ಮಸ್ಕಿ ಹತ್ತಿರದ ಒಂದು ಹುತ್ತದ ಮೇಲೆ ಮಡಚಿದ ಕೊಡೆಯಂಥದ್ದು ನಿಂತಿತ್ತು. ಮಳೆಗೆ ಎದ್ದು ಅಲ್ಲೇ ಒಣಗಿದ್ದು. ಫೋನ್ ಹಿಡಿದ ಕೂಡಲೇ ಆ್ಯಪ್ 'ಕಾಪ್ರಿನಸ್ ಕೊಮೇಟಸ್' ಅಂತು. ಹುಡುಕಿದರೆ, ಯುರೋಪಿನಲ್ಲಿ ಎಳೆಯದಿದ್ದಾಗ ತಿನ್ನೋ ಅಣಬೆ. ನಮ್ಮಲ್ಲೊಬ್ಬ ಆಗಲೇ ಆಮ್ಲೆಟ್ ಮಾತು ತೆಗೆದ. ಉದ್ದಕ್ಕೆ ಸೀಳಿ ನೋಡಿದೆವು. ಕಾಪ್ರಿನಸ್ ಆಗಿದ್ದರೆ ಟೋಪಿ ಕರಗಿ ಕಪ್ಪು ಮಸಿಯಾಗಿ ಸೋರಿಹೋಗಬೇಕಿತ್ತು. ಇದರೊಳಗೆ ಒಣ ಕಂದುಗಪ್ಪು ಪುಡಿ; ಕಟ್ಟಿಗೆಯಂಥ ಕಾಂಡ ಟೋಪಿಯ ತುದಿವರೆಗೂ ಹೋಗಿತ್ತು. ಅದು ಪೊಡಾಕ್ಸಿಸ್, ಒಣನಾಡಿನ ಹುತ್ತಗಳ ಮೇಲೆ ಬರೋದು.

ಆ್ಯಪ್‌ನ ಬೈದು ಉಪಯೋಗವಿಲ್ಲ. ನಾವು ಕೊಟ್ಟಿದ್ದು ಮೇಲಿಂದ ತೆಗೆದ ಒಂದೇ ಫೋಟೋ, ಸೆಲ್ಫಿ ಥರ. ಟೋಪಿಯ ಅಡಿ ಹೇಗಿದೆ, ಬುಡ ಹೇಗಿದೆ ಅಂತ ಅದಕ್ಕೇನು ಗೊತ್ತು? ಸಾಫ್ಟ್‌ಮ್ಯಾಕ್ಸ್ ಓದಿ ಪರೀಕ್ಷೆ ಬರೆದ ನಾವೇ ಮರೀತೀವಿ: ಅದು ತೋರಿಸೋ 90 ಪರ್ಸೆಂಟ್, ತನಗೆ ಕಲಿಸಿದ ಹೆಸರುಗಳ ನಡುವಿನ ಹಂಚಿಕೆ ಮಾತ್ರ. ಲಿಸ್ಟಿನಲ್ಲಿ ಇಲ್ಲದ್ದಕ್ಕೂ ಯಾವುದೋ ಒಂದು ಹೆಸರು ಹಚ್ಚುತ್ತೆ.

ಎಕ್ಸಾಮ್‌ನಲ್ಲಾದರೆ ಒಂದು ಮಾರ್ಕು ಹೋಗುತ್ತೆ. ಅಣಬೆಯಲ್ಲಿ ಲಿವರ್ ಹೋಗುತ್ತೆ. ನೆಲ್ಲುಹುಲ್ಲಿನ ಮೇಲೆ ಬೆಳೆಯೋ ವೊಲ್ವೇರಿಯೆಲ್ಲಾನ ಆಗ್ನೇಯ ಏಷ್ಯಾದಲ್ಲಿ ದಿನಾ ತಿಂತಾರೆ. ಅಲ್ಲಿಂದ ಅಮೆರಿಕಕ್ಕೆ ಹೋದ ಕೆಲವರು ಅದೇ ಅಂದ್ಕೊಂಡು 'ಡೆತ್ ಕ್ಯಾಪ್' ಕಿತ್ತು ತಿಂದು ಸತ್ತಿದ್ದಾರೆ. ಎಳೆಯದಿದ್ದಾಗ ಎರಡೂ ಮೊಟ್ಟೆಯಂತೆ, ಎರಡಕ್ಕೂ ಬುಡದಲ್ಲಿ ಚೀಲ. ಬೇಯಿಸಿದರೂ ಆ ವಿಷ ಹೋಗಲ್ಲ. ವಾಂತಿಭೇದಿ ಶುರುವಾಗೋದೇ 6 ಗಂಟೆಗೂ ಮೇಲೆ, ನಡುವೆ ಆರಾಮಾಯ್ತು ಅನ್ನಿಸುತ್ತೆ, ಆಮೇಲೆ ಲಿವರ್ ಕೈಕೊಡುತ್ತೆ. ಎಂ.ಎಸ್.ಗೆ ಕ್ಯಾಲಿಫೋರ್ನಿಯಾ ಕಡೆ ನೋಡ್ತಿರೋ ಸೀನಿಯರ್‌ಗಳೇ, ಅದು ಅಲ್ಲಿ ಓಕ್ ಮರಗಳ ಕೆಳಗೆ ಬೆಳೆಯುತ್ತೆ.

ಅರಳಿದ ಮೇಲೆ ಇವೆರಡನ್ನ ಬೇರೆ ಮಾಡೋ ಪರೀಕ್ಷೆಗೆ ದುಡ್ಡು ಬೇಕಿಲ್ಲ. ಟೋಪಿ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಹಾಳೆ ಮೇಲೆ ಬೋರಲು ಹಾಕಿ, ಲೋಟ ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಉದುರಿದ ಬೀಜಕಣ ನಸುಗೆಂಪಾಗಿದ್ದರೆ ವೊಲ್ವೇರಿಯೆಲ್ಲಾ ಕಡೆ, ಬಿಳಿಯಾಗಿದ್ದರೆ ಡೆತ್ ಕ್ಯಾಪ್ ಕಡೆ. ಆಗಲೂ ತಿನ್ನೋಕೆ ಲೈಸೆನ್ಸ್ ಸಿಕ್ಕಿತು ಅಂತಲ್ಲ.

1915ರಲ್ಲಿ ಚಿನ್ನ ಹುಡುಕ್ತಿದ್ದ ಎಂಜಿನಿಯರ್ ಸಿ. ಬೀಡನ್ ಇದೇ ಮಸ್ಕಿಯಲ್ಲಿ ಬಂಡೆಶಾಸನ ಕಂಡ. ದೇವಾನಾಂಪ್ರಿಯ ಅನ್ನೋ ಬಿರುದಿನ ಜೊತೆ ಅಶೋಕ ಅನ್ನೋ ಹೆಸರೂ ಅದರಲ್ಲಿತ್ತು. ಅಲ್ಲಿವರೆಗಿನ ತರ್ಕ ಅವತ್ತು ಖಾತ್ರಿಯಾಯ್ತು. ನಮಗೂ ಅಂಥ ಒಂದು ಗುರುತು ಸಿಗೋವರೆಗೆ ನೋಟ್‌ಬುಕ್‌ನಲ್ಲಿ ಹೆಸರಿನ ಜಾಗ ಖಾಲಿ ಇರಲಿ. ಎಲ್ಲಿ ಸಿಕ್ತು, ಯಾವುದರ ಮೇಲೆ ಬೆಳೆದಿತ್ತು, ಅಡಿಯ ಫೋಟೋ, ಬುಡದ ಫೋಟೋ, ಇಷ್ಟನ್ನ ಐನ್ಯಾಚುರಲಿಸ್ಟ್‌ಗೆ ಹಾಕೋಣ. ನಮ್ಮ ಹುತ್ತದ ಅಣಬೆ ಮುಂದಿನ ಮಾಡೆಲ್‌ಗಾದರೂ ಗೊತ್ತಾಗಲಿ.

ಜನವರಿಯಲ್ಲಿ ಮತ್ತೆ ಹೋಗ್ತೀವಿ. ಬರೋರು ಚಾಕು, ಹಳೇ ಪೇಪರ್ ತರ್ರಿ. ಬಾಣಲಿ ಬ್ಯಾಡ.