ಅಕ್ಷರಕ್ಕೆ ಕೆಲಸ ಕೊಟ್ಟವರ ಬೀದಿಗಳು



ನಿಮ್ಮಲ್ಲಿ ಅನೇಕರು ಇಂದಲ್ಲ ನಾಳೆ ಅಮೆರಿಕಕ್ಕೆ ಹೋಗುವವರು. ಕೆಲವರು ಓದಲು, ಕೆಲವರು ಕಂಪನಿಯ ಕೆಲಸಕ್ಕೆ, ಇನ್ನು ಕೆಲವರು ಅಕ್ಕನ ಬಾಣಂತನಕ್ಕೆ ಹೋದ ಅಮ್ಮನನ್ನು ಕರೆತರಲು. ನ್ಯೂಯಾರ್ಕಿಗೆ ಹೋದವರೆಲ್ಲ ಮಾಡುವುದು ಒಂದೇ: ಲಿಬರ್ಟಿ ಪ್ರತಿಮೆಯ ಮುಂದೆ ಒಂದು ಫೋಟೋ, ಟೈಮ್ಸ್ ಸ್ಕ್ವೇರಿನ ದೀಪಗಳ ಕೆಳಗೆ ಇನ್ನೊಂದು ಫೋಟೋ. ತಂಗಿಯ ಮನೆಗೆಂದು ಹೋಗಿದ್ದ ನಾನೂ ಮೊದಲೆರಡು ದಿನ ಅದನ್ನೇ ಮಾಡಿದೆ. ಮೂರನೆಯ ದಿನ ಚೀನೀಯರ ಬೀದಿಗೆ ಹೋದೆ. ಉಳಿದ ದಿನಗಳನ್ನೆಲ್ಲ ಅಲ್ಲಿ ಮತ್ತು ಕೊರಿಯನ್ನರ ಬೀದಿಗಳಲ್ಲೇ ಕಳೆದೆ. ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಅಕ್ಷರ ಕಂಡಲ್ಲಿ ನನ್ನ ಕಾಲು ನಿಂತುಬಿಡುತ್ತದೆ.

ನೀವೂ ಹೋಗಿ. ಕೆನಾಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು ಮಾಟ್ ಸ್ಟ್ರೀಟಿಗೆ ತಿರುಗಿ, ತಲೆಯೆತ್ತಿ ನೋಡಿ. ಮೀನಿನಂಗಡಿ, ಔಷಧಿ ಅಂಗಡಿ, ಬ್ಯಾಂಕು, ವಕೀಲರ ಕಚೇರಿ, ಕ್ಷೌರದಂಗಡಿ, ಎಲ್ಲದರ ಮೇಲೂ ಚೀನಿ ಅಕ್ಷರ. ಕೆಲವು ಬೀದಿಗಳ ಹೆಸರಿನ ಫಲಕವೂ ಎರಡು ಭಾಷೆಯಲ್ಲಿದೆ. ಪಕ್ಕದ ಕೊಲಂಬಸ್ ಪಾರ್ಕಿನಲ್ಲಿ ಮುದುಕರು ಚೀನಿ ಚದುರಂಗ ಆಡುತ್ತಿರುತ್ತಾರೆ, ಹೆಂಗಸರು ಇಸ್ಪೀಟು. ಕ್ಯಾಮೆರಾ ಮುಖಕ್ಕೆ ಹಿಡಿಯಬೇಡಿ, ಸುಮ್ಮನೆ ಬೆಂಚಿನ ಮೇಲೆ ಕೂತು ಕೇಳಿ. ಗೆದ್ದವನ ನಗು, ಸೋತವನ ಬೈಗುಳ ಎಲ್ಲ ಅವರದೇ ಮಾತಿನಲ್ಲಿ. ಅಲ್ಲಿ ಭಾಷೆ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿಲ್ಲ. ತರಕಾರಿ ತೂಗುತ್ತಿದೆ, ಬಾಡಿಗೆ ಕೇಳುತ್ತಿದೆ, ಜಗಳ ಆಡುತ್ತಿದೆ.

ಇದು ಪುಕ್ಕಟೆ ಸಿಕ್ಕ ಬೀದಿಯಲ್ಲ, ನೆನಪಿಡಿ. 1869ರಲ್ಲಿ ಮುಗಿದ ಅಮೆರಿಕದ ಆಚೀಚೆ ಕಡಲು ಜೋಡಿಸುವ ರೈಲು ದಾರಿಗೆ ಬಂಡೆ ಒಡೆದವರಲ್ಲಿ ಸಾವಿರಾರು ಚೀನೀಯರಿದ್ದರು. ಕೆಲಸ ಮುಗಿದ ಮೇಲೆ 1882ರಲ್ಲಿ ಚೀನಿ ಕೂಲಿಗಾರರು ದೇಶದೊಳಗೆ ಬರಬಾರದೆಂದೇ ಕಾನೂನು ಮಾಡಿದರು. ಅದು ರದ್ದಾದದ್ದು 1943ರಲ್ಲಿ. ಆಗಲೂ ವರ್ಷಕ್ಕೆ ಕೇವಲ 105 ಮಂದಿಗೆ ಪ್ರವೇಶ! ಬಾಗಿಲು ನಿಜವಾಗಿ ತೆರೆದದ್ದು 1965ರ ಕಾನೂನಿನಿಂದ. ಬಾಗಿಲು ಮುಚ್ಚಿದ್ದ ಆ ಕಾಲದಲ್ಲೇ, 1909ರಲ್ಲಿ, ಅವರು ನ್ಯೂಯಾರ್ಕಿನಲ್ಲಿ ಮಕ್ಕಳಿಗೆ ಚೀನಿ ಕಲಿಸುವ ಶಾಲೆ ತೆರೆದರು. ಮಾಟ್ ಸ್ಟ್ರೀಟಿನ ಸಂಘದ ಕಟ್ಟಡದಲ್ಲಿ ಅದು ಬೆಳೆಯಿತು. 

ಅಲ್ಲೇ ಒಂದು ಅಡ್ಡರಸ್ತೆಯಲ್ಲಿ ಚಿಕ್ಕ ಪ್ರೆಸ್ಸು ಕಂಡಿತು. ನಮ್ಮೂರಿನ ಶಾಯಿಯ ವಾಸನೆಯೇ. ಒಳಗೆ ಹೋದೆ. ನನ್ನದು ಪಿಯುಸಿ ಇಂಗ್ಲಿಷು, ಮುದುಕ ಮಾಲೀಕರದು ಅದಕ್ಕಿಂತ ಒಂದು ಕೈ ಕಡಿಮೆ. ಇಬ್ಬರಿಗೂ ಅನುಕೂಲವಾಯಿತು! ಕೆಂಪು ಕಾಗದದ ಮದುವೆ ಕರೆಯೋಲೆ, ಹೋಟೆಲಿನ ಪಟ್ಟಿ, ರಸೀತಿ ಪುಸ್ತಕ, ಎಲ್ಲ ಚೀನಿಯಲ್ಲಿ, ಪಕ್ಕದಲ್ಲಿ ಇಂಗ್ಲಿಷ್. ನಾನು ಹುಡುಗನಾಗಿದ್ದಾಗ ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವನು. ಒತ್ತಕ್ಷರ ಹುಡುಕಿ ಹುಡುಕಿ ಬೇಸತ್ತು, 'ಕನ್ನಡದ್ದು ಬಹಳ ಕಷ್ಟಪ್ಪ, ಇಂಗ್ಲಿಷೇ ಸಲೀಸು' ಎಂದು ಗೊಣಗಿದವನು. ಚೀನಿಗೆ ನಮ್ಮಂಥ ವರ್ಣಮಾಲೆಯೇ ಇಲ್ಲ. ದಿನಪತ್ರಿಕೆ ಓದಲು ಎರಡು ಮೂರು ಸಾವಿರ ಅಕ್ಷರ ಗೊತ್ತಿರಬೇಕು. ಮೊಳೆಯ ಕಾಲದಲ್ಲಿ ಒಂದು ಗೋಡೆಯ ತುಂಬ ಸಾವಿರಾರು ಮೊಳೆ! ಆದರೂ ಅವರು ಕಷ್ಟವೆಂದು ಬಿಡಲಿಲ್ಲ.

'ನೀವು ಯಾವ ಅಕ್ಷರ ಅಚ್ಚು ಮಾಡುತ್ತೀರಿ?' ಎಂದು ಆತ ಕೇಳಿದರು. ಹೆಮ್ಮೆಯಿಂದ 'ಕನ್ನಡ' ಎಂದೆ. 'ತೋರಿಸಿ' ಎಂದರು. ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದುಕೊಟ್ಟೆ. ಆತ ಹಿಂದೆ ಮುಂದೆ ತಿರುಗಿಸಿ ನೋಡಿದರು. ಎರಡೂ ಕಡೆ ಇಂಗ್ಲಿಷ್! ಆತ ಏನೂ ಅನ್ನಲಿಲ್ಲ, ಕಾರ್ಡನ್ನು ಮೇಜಿನ ಮೇಲಿಟ್ಟು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೊನೆಗೆ ಅವರದೇ ರದ್ದಿ ಕಾಗದದ ಮೇಲೆ ಪೆನ್ನಿನಲ್ಲಿ ನನ್ನ ಹೆಸರು ಬರೆದು ತೋರಿಸಿದೆ. ಅದನ್ನವರು ಬೆರಳಿನಿಂದ ತಿದ್ದಿ ನೋಡಿ, ಗುಂಡಗಿದೆ ಎಂದು ಮೆಚ್ಚಿದರು.

ಮಿತ್ರರೇ, ಅಲ್ಲಿಂದ ಮೂವತ್ತೆರಡನೇ ಬೀದಿಗೆ ಬನ್ನಿ. ಬ್ರಾಡ್‌ವೇಗೂ ಐದನೇ ಅವೆನ್ಯೂಗೂ ನಡುವಿನ ಒಂದೇ ತುಂಡು ರಸ್ತೆ. ಅದಕ್ಕೆ 'ಕೊರಿಯಾ ವೇ' ಎಂದೇ ಹೆಸರು. ಜಾಗ ಚಿಕ್ಕದು, ಅದಕ್ಕೇ ಅಂಗಡಿಗಳು ಮೇಲಕ್ಕೆ ಬೆಳೆದಿವೆ. ಕೆಳಗೆ ಹೋಟೆಲು, ಅದರ ಮೇಲೆ ಸಲೂನು, ಅದರ ಮೇಲೆ ಹಾಡು ಹೇಳುವ ಕೋಣೆ. ಮಹಡಿ ಮಹಡಿಗೂ ಕೊರಿಯನ್ ಅಕ್ಷರದ ಬೋರ್ಡು. ನೀವು ಮೊಬೈಲಿನಲ್ಲಿ ಕೊರಿಯನ್ ಧಾರಾವಾಹಿ ನೋಡುತ್ತೀರಿ, ಅವರ ಹಾಡಿಗೆ ಕುಣಿಯುತ್ತೀರಿ. ತಪ್ಪಲ್ಲ. ಆದರೆ ಆ ಅಕ್ಷರದ ಕಥೆ ಗೊತ್ತೇ?

1446ರಲ್ಲಿ ಸೇಜೋಂಗ್ ಎಂಬ ದೊರೆ ಸಾಮಾನ್ಯ ಜನ ಓದಲೆಂದು ಆ ಲಿಪಿಯನ್ನು ಹೊರಡಿಸಿದ. ಆಸ್ಥಾನದ ಪಂಡಿತರು ಚೀನಿ ಅಕ್ಷರವೇ ಗೌರವವೆಂದು ವಿರೋಧಿಸಿದರು. ವ್ಯಂಜನ, ಸ್ವರ, ಬೇಕಾದರೆ ಕೆಳಗೆ ಇನ್ನೊಂದು ವ್ಯಂಜನ, ಇಷ್ಟನ್ನೂ ಒಂದೇ ಚೌಕದಲ್ಲಿ ಕೂರಿಸುವ ಲಿಪಿ ಅದು. ನನ್ನ ಕಣ್ಣಿಗೆ ನಮ್ಮ ಒತ್ತಕ್ಷರದ ತಮ್ಮನಂತೆ ಕಂಡಿತು. 1910ರಲ್ಲಿ ಜಪಾನ್ ಆ ದೇಶವನ್ನು ನುಂಗಿತು. ಕ್ರಮೇಣ ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಹೊರಗಟ್ಟಿದರು, 1940ರಿಂದ ಜನರ ಹೆಸರನ್ನೂ ಜಪಾನಿ ಮಾಡಿಸತೊಡಗಿದರು. 1942ರಲ್ಲಿ ಕೊರಿಯನ್ ನಿಘಂಟು ಸಿದ್ಧಪಡಿಸುತ್ತಿದ್ದ ಭಾಷಾ ಸಂಘದವರನ್ನು ಹಿಡಿದು ಜೈಲಿಗೆ ಹಾಕಿದರು. ಇಬ್ಬರು ಜೈಲಿನಲ್ಲೇ ಸತ್ತರು. ನಿಘಂಟು ಬರೆದದ್ದಕ್ಕೆ ಸಾವು! ವಶಪಡಿಸಿಕೊಂಡ ಹಸ್ತಪ್ರತಿ 1945ರಲ್ಲಿ, ಜಪಾನ್ ಸೋತ ಮೇಲೆ, ಸೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು. 1947ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಆ ಬೋರ್ಡುಗಳನ್ನು ಬರೇ ಬಣ್ಣದ ದೀಪವೆಂದು ನೋಡಬೇಡಿ.

ಇನ್ನೊಂದು ದಿನ ಏಳನೇ ನಂಬರಿನ ರೈಲು ಹತ್ತಿ ಕೊನೆಯ ನಿಲ್ದಾಣ ಫ್ಲಶಿಂಗಿಗೆ ಹೋಗಿ. ನಮ್ಮವರು ಹೇಗೂ ಅಲ್ಲಿಗೆ ಹೋಗುತ್ತಾರೆ. ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನ ಅಲ್ಲಿಯೇ ಇದೆ, 1977ರಲ್ಲಿ ಪ್ರತಿಷ್ಠೆಯಾದದ್ದು. ಪೂಜೆ ಮಾಡಿಸಿ, ಕ್ಯಾಂಟೀನಿನಲ್ಲಿ ದೋಸೆ ತಿಂದು ಕಾರು ಹತ್ತಿ ವಾಪಸ್ ಬರುತ್ತಾರೆ. ನೀವು ಹಾಗೆ ಮಾಡದೆ ಮೇನ್ ಸ್ಟ್ರೀಟಿನಲ್ಲಿ ನಡೆಯಿರಿ. 1970ರ ದಶಕದಲ್ಲಿ ತೈವಾನಿನಿಂದ ಬಂದ ಚೀನೀಯರಿಗೆ ಹಳೇ ಪೇಟೆಯ ಕ್ಯಾಂಟನೀಸ್ ಮಾತು ಹೊಂದಲಿಲ್ಲ, ಅವರು ಇಲ್ಲಿ ಬೇರೆಯೇ ಊರು ಕಟ್ಟಿಕೊಂಡರು. ನಾರ್ದರ್ನ್ ಬುಲೆವಾರ್ಡಿನುದ್ದಕ್ಕೂ ಕೊರಿಯನ್ನರ ಅಂಗಡಿ, ಚರ್ಚು, ದವಾಖಾನೆ. ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ನೋಡಿ, ಚೀನಿ, ಕೊರಿಯನ್ ಪುಸ್ತಕಗಳ ಸಾಲು ಸಾಲು. ಚೀನಿ ದಿನಪತ್ರಿಕೆ ವರ್ಲ್ಡ್ ಜರ್ನಲ್ 1976ರಿಂದ ಬರುತ್ತಿದೆ.

ಮತಪತ್ರವೂ ಅವರ ಭಾಷೆಯಲ್ಲಿ ಸಿಗುತ್ತದೆ! 1992ರಲ್ಲಿ ಬದಲಾದ ಮತದಾನ ಕಾನೂನಿನಂತೆ, ಇಂಗ್ಲಿಷ್ ಸರಿಯಾಗಿ ಬಾರದ ಒಂದು ಭಾಷೆಯ ಮತದಾರರು ಒಂದು ಜಿಲ್ಲೆಯಲ್ಲಿ ಹತ್ತು ಸಾವಿರ ಮೀರಿದರೆ ಅವರ ಭಾಷೆಯಲ್ಲಿ ಚುನಾವಣೆ ಕಾಗದ ಕೊಡಲೇಬೇಕು. ಫ್ಲಶಿಂಗ್ ಇರುವ ಕ್ವೀನ್ಸ್‌ನಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಜೊತೆಗೆ ಚೀನಿ, ಕೊರಿಯನ್, ಬಂಗಾಳಿ ಇವೆ. ಲೆಕ್ಕಕ್ಕೆ ಸಿಕ್ಕವರಿಗೆ ಹಕ್ಕು ಸಿಕ್ಕಿತು.

ನಿಮಗೊಂದು ವಿಚಿತ್ರ ಹೇಳುತ್ತೇನೆ. 2011ರಲ್ಲಿ ಅದೇ ಫ್ಲಶಿಂಗ್ ಕಡೆಯ ಇಬ್ಬರು ನಗರಸಭಾ ಸದಸ್ಯರು ಅಂಗಡಿ ಬೋರ್ಡುಗಳಲ್ಲಿ ಶೇಕಡಾ 60 ಇಂಗ್ಲಿಷ್ ಇರಬೇಕೆಂದು ಪ್ರಸ್ತಾಪ ತಂದರು. ಅವರಲ್ಲಿ ಒಬ್ಬರು ಚೀನಿ ಮೂಲದವರೇ! ಎಲ್ಲೋ ಕೇಳಿದ ಅಂಕಿಯಲ್ಲವೇ? 2024ರ ತಿದ್ದುಪಡಿಯಂತೆ ನಮ್ಮ ರಾಜ್ಯದ ಬೋರ್ಡುಗಳಲ್ಲಿ ಕನ್ನಡವೂ ಶೇಕಡಾ 60 ಇರಬೇಕು. ನೆಲದ ಭಾಷೆ ಕಾಣಬೇಕೆಂದು ನಾವು ಕೇಳಿದರೆ ಸಂಕುಚಿತರು ಎನ್ನುವವರಿಗೆ ಈ ಫ್ಲಶಿಂಗಿನ ಕಥೆ ಹೇಳಿ. ಬಂದವರು ನೆಲದ ಭಾಷೆ ಕಲಿಯಲಿ, ತಮ್ಮದನ್ನೂ ಉಳಿಸಿಕೊಳ್ಳಲಿ. ಅಲ್ಲಿ ನಾವು ಬಂದವರು, ಇಲ್ಲಿ ನಾವು ನೆಲದವರು. ನ್ಯಾಯ ಎರಡೂ ಕಡೆ ಒಂದೇ ಇರಬೇಕು.

ಅಲ್ಲಿ ಎಲ್ಲವೂ ಚೆನ್ನ ಎಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಬಾರದೆ ಕಡಿಮೆ ಕೂಲಿಗೆ ಹೋಟೆಲಿನ ಅಡುಗೆಮನೆಯಲ್ಲೇ ಆಯುಷ್ಯ ಸವೆಸಿದವರಿದ್ದಾರೆ. ಬಾಡಿಗೆ ಏರಿ ಹಳೇ ಅಂಗಡಿಗಳು ಮುಚ್ಚುತ್ತಿವೆ. ಅಲ್ಲೇ ಹುಟ್ಟಿದ ಮೊಮ್ಮಕ್ಕಳು ಅಜ್ಜಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದನ್ನು ಕಣ್ಣಾರೆ ಕಂಡೆ. ಅವರ ಭಾಷೆಗೂ ಭಯ ಇದ್ದೇ ಇದೆ. ಆದರೆ ಅವರ ಬೆನ್ನಿಗೆ ದೂರದಲ್ಲಿ ದೊಡ್ಡ ದೇಶಗಳಿವೆ. ನಮಗೆ ಇರುವುದು ಇದೊಂದೇ ನಾಡು. ಇಲ್ಲಿ ಸೋತರೆ ಕನ್ನಡಕ್ಕೆ ಇನ್ನೆಲ್ಲಿ ಜಾಗ?

ಈಗ ನನ್ನ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಹಿಂದೊಮ್ಮೆ ನಮ್ಮ ಹುಡುಗರು ಇಂಗ್ಲಿಷ್ ಬೋರ್ಡುಗಳಿಗೆ ಮಸಿ ಬಳಿಯಲು ಹೊರಟಾಗ ಅವರ ಕರಪತ್ರ ಅಚ್ಚಾದದ್ದು ನನ್ನ ಪ್ರೆಸ್ಸಿನಲ್ಲಿ. ರಾತ್ರಿಯೆಲ್ಲ ನಿದ್ದೆಗೆಟ್ಟು ಪ್ರೂಫ್ ತಿದ್ದಿದ್ದೆ. ಆದರೆ ಬೆಳಿಗ್ಗೆ ಅವರಿಗೆ ಕೊಟ್ಟ ಬಿಲ್ಲು ಇಂಗ್ಲಿಷಿನಲ್ಲಿತ್ತು! ಅವರೂ ಗಮನಿಸಲಿಲ್ಲ, ನನಗೂ ಹೊಳೆಯಲಿಲ್ಲ. ಮಾಟ್ ಸ್ಟ್ರೀಟಿನ ಆ ಮುದುಕರ ನಗು ಅದನ್ನು ನೆನಪಿಸಿತು. ಬಂದ ವಾರದಲ್ಲೇ ನನ್ನ ಬಿಲ್ ಬುಕ್, ಕಾರ್ಡು, ಲಕೋಟೆ ಎಲ್ಲವನ್ನೂ ಕನ್ನಡದಲ್ಲಿ ಹೊಸದಾಗಿ ಅಚ್ಚು ಮಾಡಿಸಿದೆ, ಕೆಳಗೆ ಸಣ್ಣದಾಗಿ ಇಂಗ್ಲಿಷ್. ಒಂದು ಗಿರಾಕಿಯೂ ಬಿಟ್ಟು ಹೋಗಲಿಲ್ಲ.

ಭಾಷೆ ಜಯಕಾರದಿಂದ ಬದುಕುವುದಿಲ್ಲ, ದಿನಾ ಕೆಲಸ ಕೊಟ್ಟರೆ ಬದುಕುತ್ತದೆ. ನವೆಂಬರಿನಲ್ಲಿ ಬಾವುಟ ಹಾರಿಸಿ, ಬೇಡ ಎನ್ನುವುದಿಲ್ಲ. ಆದರೆ ಮರುದಿನ ಬ್ಯಾಂಕಿನ ಚೀಟಿಯನ್ನು ಕನ್ನಡದಲ್ಲಿ ತುಂಬಿ. ಹೋಟೆಲಿನಲ್ಲಿ ಕನ್ನಡದಲ್ಲಿ ಕೇಳಿ, ಕನ್ನಡದ ಪಟ್ಟಿ ಇಲ್ಲದಿದ್ದರೆ ಯಾಕಿಲ್ಲ ಎಂದು ವಿಚಾರಿಸಿ. ಸ್ವಂತ ಅಂಗಡಿ ತೆರೆದರೆ ರಸೀತಿ ಕನ್ನಡದಲ್ಲಿ ಕೊಡಿ. ಅಕ್ಕನ ಮದುವೆಯ ಲಗ್ನಪತ್ರಿಕೆ ಬರೇ ಇಂಗ್ಲಿಷಿನಲ್ಲಿ ಹೊರಟಿದ್ದರೆ ಮನೆಯಲ್ಲಿ ಜಗಳ ಮಾಡಿಯಾದರೂ ನಿಲ್ಲಿಸಿ. ನ್ಯೂಯಾರ್ಕಿಗೆ ಹೋದರೆ ಚೀನೀಯರ, ಕೊರಿಯನ್ನರ ಬೀದಿ ನೋಡಿ ಬನ್ನಿ. ಹೋಗುವಾಗ ಜೇಬಿನಲ್ಲಿ ಕನ್ನಡದ ಕಾರ್ಡು ಇರಲಿ. ಯಾರಾದರೂ 'ನಿಮ್ಮ ಅಕ್ಷರ ತೋರಿಸಿ' ಎಂದರೆ ನನ್ನ ಹಾಗೆ ರದ್ದಿ ಕಾಗದ ಹುಡುಕಬೇಡಿ.