ವಸಾಹತಿನಿಂದ ಜಾಗತಿಕ ಪ್ರಭಾವದವರೆಗೆ ಭಾರತ: ಒಂದು ಅವಲೋಕನ

ಪೀಠಿಕೆ

ಒಟ್ಟು ದೇಶೀಯ ಉತ್ಪನ್ನದ ಲೆಕ್ಕದಲ್ಲಿ ಭಾರತವು 2022ರಲ್ಲಿ ಬ್ರಿಟನ್ ದೇಶವನ್ನು ಹಿಂದಿಕ್ಕಿ ವಿಶ್ವದ ಐದನೆಯ ದೊಡ್ಡ ಆರ್ಥಿಕತೆಯಾಯಿತು. ಮರುವರ್ಷ ಜಿ-20 ರಾಷ್ಟ್ರಗಳ ಶೃಂಗಸಭೆಯು ಭಾರತದ ಅಧ್ಯಕ್ಷತೆಯಲ್ಲಿ ನವದೆಹಲಿಯಲ್ಲಿ ನಡೆಯಿತು. ದೀರ್ಘಕಾಲ ಪರರ ಆಳ್ವಿಕೆಯಲ್ಲಿದ್ದ ದೇಶಕ್ಕೆ ಇದು ಸಣ್ಣ ಸಾಧನೆಯಲ್ಲ. ಆದಾಗ್ಯೂ ದೇಶವೊಂದರ ಏಳಿಗೆಯನ್ನು ಅಳೆಯಲು ಎರಡು ಲೆಕ್ಕಗಳಿವೆ. ಒಂದು, ದೇಶದ ಒಟ್ಟು ಗಾತ್ರ. ಇನ್ನೊಂದು, ಪ್ರತಿಯೊಬ್ಬ ನಾಗರಿಕನ ಪಾಲಿಗೆ ಬಂದುದು. ಈ ಎರಡನ್ನೂ ಒಟ್ಟಿಗೆ ಪರಿಶೀಲಿಸುವುದು ಸದರಿ ಲೇಖನದ ಉದ್ದೇಶವಾಗಿದೆ.

1. ಸ್ವಾತಂತ್ರ್ಯದ ವೇಳೆಗೆ ಇದ್ದ ಪರಿಸ್ಥಿತಿ

ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್ ಅವರ ಅಂದಾಜಿನಂತೆ 1700ರಲ್ಲಿ ವಿಶ್ವದ ಒಟ್ಟು ಉತ್ಪನ್ನದಲ್ಲಿ ಭಾರತದ ಪಾಲು ಶೇ. 24ರಷ್ಟಿತ್ತು, 1950ರಲ್ಲಿ ಅದು ಸುಮಾರು ಶೇ. 4ಕ್ಕೆ ಇಳಿದಿತ್ತು. ಯೂರೋಪು ಮತ್ತು ಅಮೆರಿಕ ಯಂತ್ರೋದ್ಯಮದಿಂದ ವೇಗವಾಗಿ ಬೆಳೆದುದು ಇದಕ್ಕೆ ಒಂದು ಕಾರಣ. ಅದೇ ಅವಧಿಯಲ್ಲಿ ಭಾರತದ ನೇಯ್ಗೆ ಮೊದಲಾದ ಕಸುಬುಗಳು ಕುಸಿದು, ದೇಶವು ಕಚ್ಚಾ ಸಾಮಗ್ರಿ ಒದಗಿಸುವ ಮತ್ತು ಸಿದ್ಧವಸ್ತು ಕೊಳ್ಳುವ ಮಾರುಕಟ್ಟೆಯಾಗಿ ಮಾರ್ಪಟ್ಟುದು ಇನ್ನೊಂದು ಕಾರಣ. 1951ರ ಜನಗಣತಿಯ ಪ್ರಕಾರ ಅಕ್ಷರಸ್ಥರ ಪ್ರಮಾಣ ಕೇವಲ ಶೇ. 18.33 ಆಗಿತ್ತು.

ಇಂತಹ ಸ್ಥಿತಿಯಲ್ಲಿ 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ವಯಸ್ಕರೆಲ್ಲರಿಗೂ ಮತದಾನದ ಹಕ್ಕು ನೀಡಿತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17.3 ಕೋಟಿ ಮತದಾರರು ಪಟ್ಟಿಯಲ್ಲಿದ್ದರು. ಆಸ್ತಿ, ಶಿಕ್ಷಣ, ಲಿಂಗ ಎಂಬ ಯಾವ ಭೇದವನ್ನೂ ಎಣಿಸದೆ ಅಷ್ಟೊಂದು ಜನರನ್ನು ಮತದಾರರೆಂದು ನೋಂದಾಯಿಸಿದುದು ಹೊಸ ರಾಷ್ಟ್ರದ ಆಡಳಿತದ ಮೊದಲ ದೊಡ್ಡ ಪರೀಕ್ಷೆಯೂ ಆಗಿತ್ತು. ನಂತರದ ರಾಜಕೀಯ ಸ್ಥಿರತೆಗೆ ಇದೇ ತಳಹದಿ.

2. ಸ್ವಾವಲಂಬನೆಯ ಹಂತ

1951ರಲ್ಲಿ ಪಂಚವಾರ್ಷಿಕ ಯೋಜನೆಗಳು ಆರಂಭಗೊಂಡವು. ಭಿಲಾಯಿ, ರೂರ್ಕೆಲಾ ಮತ್ತು ದುರ್ಗಾಪುರಗಳಲ್ಲಿ ಉಕ್ಕಿನ ಕಾರ್ಖಾನೆಗಳು ತಲೆಯೆತ್ತಿದವು. ವಿದೇಶಾಂಗ ವ್ಯವಹಾರದಲ್ಲಿ ಭಾರತವು ಎರಡೂ ಶಕ್ತಿಬಣಗಳಿಂದ ದೂರ ಉಳಿದು, 1961ರ ಬೆಲ್‌ಗ್ರೇಡ್ ಸಮ್ಮೇಳನದಲ್ಲಿ ಅಲಿಪ್ತ ಚಳವಳಿಯ ಸ್ಥಾಪಕ ರಾಷ್ಟ್ರಗಳಲ್ಲಿ ಒಂದಾಯಿತು.

ಆದರೆ ಅನ್ನಕ್ಕಾಗಿ ಪರರನ್ನು ಅವಲಂಬಿಸಿರುವ ದೇಶದ ಮಾತಿಗೆ ಮಿತಿ ಇರುತ್ತದೆ. 1965 ಮತ್ತು 1966ರ ಸತತ ಬರಗಾಲದಲ್ಲಿ ಅಮೆರಿಕದ ಗೋಧಿಯ ಹಡಗುಗಳಿಗಾಗಿ ಕಾಯಬೇಕಾದ ಪರಿಸ್ಥಿತಿ ಒದಗಿತ್ತು. ಸಿ. ಸುಬ್ರಮಣಿಯಂ ಅವರು ಕೃಷಿ ಸಚಿವರಾಗಿದ್ದ ಅವಧಿಯಲ್ಲಿ, ಎಂ.ಎಸ್. ಸ್ವಾಮಿನಾಥನ್ ಮೊದಲಾದ ವಿಜ್ಞಾನಿಗಳ ಶ್ರಮದಿಂದ ಅಧಿಕ ಇಳುವರಿಯ ತಳಿಗಳು ರೈತರನ್ನು ತಲುಪಿದವು. ಹಸಿರು ಕ್ರಾಂತಿಯ ಫಲವಾಗಿ ದೇಶವು ಆಹಾರಧಾನ್ಯಗಳಲ್ಲಿ ಸ್ವಾವಲಂಬನೆ ಸಾಧಿಸಿತು. 1975ರಲ್ಲಿ ಬೆಂಗಳೂರಿನಲ್ಲಿ ನಿರ್ಮಾಣಗೊಂಡ ಆರ್ಯಭಟ ಉಪಗ್ರಹವು ಸೋವಿಯತ್ ನೆಲದಿಂದ ಉಡಾವಣೆಗೊಂಡಿತು.

3. 1991ರ ಬಿಕ್ಕಟ್ಟು ಮತ್ತು ಆನಂತರ

ಈ ಹಂತದ ಕೊರತೆಗಳೂ ಕಾಲಕ್ರಮದಲ್ಲಿ ಗೋಚರಿಸಿದವು. ಪರವಾನಗಿಗಳ ಬಿಗಿ ನಿಯಂತ್ರಣದಿಂದ ಉದ್ಯಮಗಳು ಸೊರಗಿದವು, ರಫ್ತು ಹೆಚ್ಚಲಿಲ್ಲ, ಸಾಲ ಬೆಳೆಯಿತು. 1991ರ ಆರಂಭದಲ್ಲಿ ವಿದೇಶಿ ವಿನಿಮಯದ ಮೀಸಲು ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಕ್ಕೆ ಕುಸಿದಿತ್ತು. ಅದೇ ವರ್ಷದ ಜುಲೈನಲ್ಲಿ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಿಟ್ಟು ಸಾಲ ಪಡೆಯಲಾಯಿತು. ಸ್ವತಂತ್ರಗೊಂಡ 44 ವರ್ಷಗಳ ತರುವಾಯ ಹಿಂದಿನ ಆಳರಸರ ಬ್ಯಾಂಕಿಗೇ ಚಿನ್ನ ಒಯ್ಯಬೇಕಾಗಿ ಬಂದುದು ದೇಶವನ್ನು ಎಚ್ಚರಿಸಿತು.

ಪ್ರಧಾನಿ ಪಿ.ವಿ. ನರಸಿಂಹ ರಾವ್ ಅವರ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಮನಮೋಹನ್ ಸಿಂಗ್ ಅವರು 1991ರ ಜುಲೈ 24ರಂದು ಮಂಡಿಸಿದ ಆಯವ್ಯಯವು ಉದಾರೀಕರಣಕ್ಕೆ ದಾರಿ ತೆರೆಯಿತು. ಮುಂದೆ ಬಂದ ಸರ್ಕಾರಗಳು ಪಕ್ಷಭೇದವಿಲ್ಲದೆ ಆ ದಾರಿಯನ್ನೇ ಮುಂದುವರಿಸಿದವು. ಇದರ ಫಲಿತಾಂಶಗಳನ್ನು ಈ ಕೆಳಕಂಡಂತೆ ಗಮನಿಸಬಹುದು:

(ಅ) 2009ರಲ್ಲಿ ರಿಸರ್ವ್ ಬ್ಯಾಂಕು ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಚಿನ್ನ ಖರೀದಿಸಿತು. 2024ರ ಸೆಪ್ಟೆಂಬರ್ ಅಂತ್ಯದಲ್ಲಿ ವಿದೇಶಿ ವಿನಿಮಯದ ಮೀಸಲು 70,000 ಕೋಟಿ ಡಾಲರ್ ದಾಟಿತ್ತು.

(ಆ) ಮಾಹಿತಿ ತಂತ್ರಜ್ಞಾನ ಸೇವೆಗಳ ರಫ್ತು ದೇಶದ ಪ್ರಮುಖ ಆದಾಯ ಮೂಲವಾಯಿತು. ಸಾಫ್ಟ್‌ವೇರ್ ರಫ್ತಿನಲ್ಲಿ ಕರ್ನಾಟಕವು ಮುಂಚೂಣಿಯಲ್ಲಿದೆ.

(ಇ) 2016ರಲ್ಲಿ ಆರಂಭವಾದ ಯು.ಪಿ.ಐ. ಪಾವತಿ ವ್ಯವಸ್ಥೆಯಲ್ಲಿ 2023ರ ಆಗಸ್ಟ್ ಒಂದೇ ತಿಂಗಳಿನಲ್ಲಿ 1,000 ಕೋಟಿಗೂ ಹೆಚ್ಚು ವಹಿವಾಟುಗಳು ನಡೆದವು.

(ಈ) 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು.

4. ರಾಜಕೀಯ ಪ್ರಭಾವ

1998ರ ಅಣು ಪರೀಕ್ಷೆಗಳ ನಂತರ ಹಲವು ದೇಶಗಳು ಭಾರತದ ಮೇಲೆ ನಿರ್ಬಂಧ ಹೇರಿದ್ದವು. ಹತ್ತೇ ವರ್ಷಗಳಲ್ಲಿ, ಅಂದರೆ 2008ರಲ್ಲಿ, ಪರಮಾಣು ಪೂರೈಕೆದಾರ ರಾಷ್ಟ್ರಗಳ ಗುಂಪು ಭಾರತಕ್ಕೆ ವಿಶೇಷ ವಿನಾಯಿತಿ ನೀಡಿತು. ಜಿ-20 ಅಧ್ಯಕ್ಷತೆಯ ಅವಧಿಯಲ್ಲಿ ಹಣಕಾಸು ಸಚಿವರ ಸಭೆ ಬೆಂಗಳೂರಿನಲ್ಲಿಯೂ, ರಾಷ್ಟ್ರನಾಯಕರ ಪ್ರತಿನಿಧಿಗಳಾದ ಶೆರ್ಪಾಗಳ ಸಭೆ ಹಂಪಿಯಲ್ಲಿಯೂ ಜರುಗಿದವು. ನವದೆಹಲಿ ಶೃಂಗಸಭೆಯಲ್ಲಿ ಆಫ್ರಿಕನ್ ಒಕ್ಕೂಟವನ್ನು ಖಾಯಂ ಸದಸ್ಯನನ್ನಾಗಿ ಸೇರಿಸಿಕೊಳ್ಳಲಾಯಿತು. ವಸಾಹತು ಆಳ್ವಿಕೆ ಕಂಡ ಇತರ ದೇಶಗಳ ಪರವಾಗಿ ದನಿಯೆತ್ತುವ ಭಾರತದ ಹಳೆಯ ನೀತಿಯ ಮುಂದುವರಿಕೆಯೆಂದು ಇದನ್ನು ಭಾವಿಸಬಹುದು.

ಪ್ರಭಾವಕ್ಕೂ ಮಿತಿಗಳಿವೆ. 1945ರಲ್ಲಿಯೇ ವಿಶ್ವಸಂಸ್ಥೆಯ ಸ್ಥಾಪಕ ಸದಸ್ಯನಾಗಿದ್ದ ಭಾರತವು ಭದ್ರತಾ ಮಂಡಳಿಗೆ ಎಂಟು ಬಾರಿ ಚುನಾಯಿತವಾಗಿದ್ದರೂ ಅದಕ್ಕೆ ಅಲ್ಲಿ ಖಾಯಂ ಸ್ಥಾನ ದೊರೆತಿಲ್ಲ.

5. ತಲಾ ಆದಾಯದ ಲೆಕ್ಕ

2024ರಲ್ಲಿ ಭಾರತದ ಒಟ್ಟು ಉತ್ಪನ್ನ ಸುಮಾರು 3.9 ಲಕ್ಷ ಕೋಟಿ ಡಾಲರ್ ಆಗಿತ್ತು. ಅದನ್ನು ಸುಮಾರು 145 ಕೋಟಿ ಜನರಿಗೆ ಭಾಗಿಸಿದರೆ ತಲಾ 2,700 ಡಾಲರ್ ಆಗುತ್ತದೆ. ಅದೇ ವರ್ಷ ಬ್ರಿಟನ್ನಿನಲ್ಲಿ ಈ ಮೊತ್ತ 50,000 ಡಾಲರ್ ಮೀರಿತ್ತು. ಒಟ್ಟು ಗಾತ್ರದಲ್ಲಿ ಹಿಂದಿಕ್ಕಿದ ದೇಶಕ್ಕಿಂತ ತಲಾ ಲೆಕ್ಕದಲ್ಲಿ ಭಾರತವು ಇಂದಿಗೂ ಬಹಳ ಹಿಂದಿದೆ. ಬೆಲೆಗಳ ವ್ಯತ್ಯಾಸವನ್ನು ಪರಿಗಣಿಸಿದಾಗ ಅಂತರ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ತಲಾ ಆದಾಯವು ವರ್ಷಕ್ಕೆ ಶೇ. 6ರಂತೆ ಬೆಳೆದರೂ ಇಮ್ಮಡಿಯಾಗಲು 12 ವರ್ಷ ಬೇಕಾಗುತ್ತದೆ.

ದುಡಿಯುವವರ ಪೈಕಿ ಶೇ. 45ರಷ್ಟು ಜನರು ಕೃಷಿಯನ್ನು ಅವಲಂಬಿಸಿದ್ದು, ರಾಷ್ಟ್ರೀಯ ಉತ್ಪನ್ನದಲ್ಲಿ ಕೃಷಿಯ ಪಾಲು ಐದನೆಯ ಒಂದು ಭಾಗಕ್ಕಿಂತ ಕಡಿಮೆಯಿರುವುದು ಇದಕ್ಕೆ ಮುಖ್ಯ ಕಾರಣ. ದೇಶಕ್ಕೆ ಹೆಸರು ತಂದ ಸೇವಾ ವಲಯವು ಅಷ್ಟೇ ಪ್ರಮಾಣದಲ್ಲಿ ಉದ್ಯೋಗ ಒದಗಿಸಿಲ್ಲ. ಕೃಷಿ ಕುಟುಂಬದ ಮಕ್ಕಳು ಹೆಚ್ಚು ಗಳಿಕೆಯ ಕೆಲಸಗಳಿಗೆ ಸಾಗಲು ಶಿಕ್ಷಣ, ಆರೋಗ್ಯ, ಸಾಲ ಸೌಲಭ್ಯಗಳು ಅಗತ್ಯ. ಇವುಗಳನ್ನು ಪಡೆಯಲು ಬೇಕಾದ ಪಹಣಿ, ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಮೊದಲಾದವು ಸರ್ಕಾರಿ ಕಚೇರಿಗಳಿಂದಲೇ ದೊರೆಯಬೇಕು. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಮುಗಿದ ಮೇಲೆ ಕೈಸೇರಿದ ಪ್ರಮಾಣಪತ್ರದಿಂದ ಆ ವಿದ್ಯಾರ್ಥಿಗೆ ಪ್ರಯೋಜನವಿಲ್ಲ. ಅಂತಹ ವಿಳಂಬ ರಾಷ್ಟ್ರೀಯ ಲೆಕ್ಕಪತ್ರದಲ್ಲಿ ಕಾಣದಿದ್ದರೂ ಅದರ ನಷ್ಟ ಮಾತ್ರ ನಿಜವಾದುದು.

6. ನಾಗರಿಕರ ಗಮನಕ್ಕೆ

ಈ ದೃಷ್ಟಿಯಿಂದ ಸೇವೆಯನ್ನು ಹಕ್ಕೆಂದು ಪರಿಗಣಿಸುವ ಕಾನೂನುಗಳೂ ದೇಶದ ಏಳಿಗೆಯ ಭಾಗವೇ ಆಗಿವೆ. 2005ರ ಮಾಹಿತಿ ಹಕ್ಕು ಅಧಿನಿಯಮ ಮತ್ತು ‘ಸಕಾಲ’ ಎಂದು ಪರಿಚಿತವಾಗಿರುವ 2011ರ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮ ಇವುಗಳಲ್ಲಿ ಮುಖ್ಯವಾದವು. ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸಂಖ್ಯೆಯುಳ್ಳ ಸ್ವೀಕೃತಿಯನ್ನು ತಪ್ಪದೆ ಪಡೆದುಕೊಳ್ಳತಕ್ಕದ್ದು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಬಹುದಾಗಿದ್ದು, ವಿಳಂಬದ ಪ್ರತಿ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಪಡೆಯಲು ಅಧಿನಿಯಮದಲ್ಲಿ ಅವಕಾಶವಿದೆ.

ಈ ಮೊತ್ತ ಚಿಕ್ಕದಾದರೂ ಅದರ ಹಿಂದಿನ ತತ್ತ್ವ ಚಿಕ್ಕದಲ್ಲ. ವಸಾಹತು ಆಡಳಿತದಲ್ಲಿ ಪ್ರಜೆಯು ಅಹವಾಲು ಹಿಡಿದು ನಿಂತ ಅರ್ಜಿದಾರನಾಗಿದ್ದನು. ಗಣರಾಜ್ಯದಲ್ಲಿ ಕಚೇರಿಯೇ ಅವನಿಗೆ ಉತ್ತರ ಹೇಳಬೇಕಾಗಿದೆ. ಆದುದರಿಂದ ನಾಗರಿಕರು ಈ ಹಕ್ಕುಗಳನ್ನು ಅರಿತು ಬಳಸಿಕೊಳ್ಳಬೇಕೆಂದು ಕೋರಲಾಗಿದೆ.